ಮಣ್ಣನ್ನು ಓದಿದ ದೊಕುಚಾಯೆವ್

ಮನುಷ್ಯನು ನೆಲವನ್ನು ಉತ್ತು ಬಿತ್ತಲು ತೊಡಗಿ ಸಾವಿರಾರು ವರ್ಷಗಳಾದುವು. ಯಾವ ಹೊಲದಲ್ಲಿ ಜೋಳ ಹುಲುಸಾಗಿ ಬರುತ್ತದೆ, ಯಾವುದರಲ್ಲಿ ರಾಗಿ ಒಳ್ಳೆಯದು, ಯಾವುದು ಮಳೆಯ ಮರುದಿನವೇ ಆರಿಬಿಡುತ್ತದೆ ಎಂಬುದು ರೈತನಿಗೆ ಗೊತ್ತು. ಎರೆ, ಮಸಾರಿ, ಗರಸು, ಜೇಡಿ, ಮರಳು ಎಂದು ಅವನು ಮಣ್ಣಿಗೆ ಹೆಸರುಗಳನ್ನೂ ಇಟ್ಟಿದ್ದಾನೆ. ಆದರೆ ಮಣ್ಣು ಎಂದರೇನು, ಅದು ಹೇಗೆ ಹುಟ್ಟುತ್ತದೆ, ಒಂದು ಊರಿನ ಮಣ್ಣು ಕಪ್ಪಾಗಿಯೂ ಇನ್ನೊಂದು ಊರಿನದು ಕೆಂಪಾಗಿಯೂ ಇರುವುದೇಕೆ ಎಂಬ ಪ್ರಶ್ನೆಗಳನ್ನು ವಿದ್ವಾಂಸರು ಬಹುಕಾಲ ಗಂಭೀರವಾಗಿ ಕೇಳಿಕೊಳ್ಳಲಿಲ್ಲ. ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿಗೆ ಮಣ್ಣೆಂದರೆ ಬಂಡೆಯ ಮೇಲೆ ಕುಳಿತ ಪುಡಿ. ಬಂಡೆಯನ್ನು ನೋಡಬೇಕಾದರೆ ಅದನ್ನು ಕೆರೆದು ಬದಿಗೆ ಹಾಕಬೇಕು. ರಸಾಯನ ವಿಜ್ಞಾನಿಗೆ ಅದು ಗಿಡದ ಆಹಾರವನ್ನು ತುಂಬಿಟ್ಟ ಒಂದು ಪೆಟ್ಟಿಗೆ; ಬೆಳೆ ತೆಗೆದುಕೊಂಡಷ್ಟನ್ನು ಗೊಬ್ಬರದ ರೂಪದಲ್ಲಿ ಮರಳಿ ತುಂಬಿದರೆ ಸಾಕು. ಮಣ್ಣಿಗೂ ಹುಟ್ಟು, ಬೆಳವಣಿಗೆ, ಒಳರಚನೆಗಳು ಇವೆಯೆಂದೂ, ಗಿಡ ಪ್ರಾಣಿ ಕಲ್ಲುಗಳಂತೆಯೇ ಅದನ್ನು ನಿಸರ್ಗದ ಒಂದು ಸ್ವತಂತ್ರ ವಸ್ತುವಾಗಿ ಅಭ್ಯಸಿಸಬೇಕೆಂದೂ ಸಾಧಿಸಿ ತೋರಿಸಿದವನು ರಷ್ಯಾ ದೇಶದ ವಸೀಲಿ ವಸೀಲ್ಯೆವಿಚ್ ದೊಕುಚಾಯೆವ್.

ದೊಕುಚಾಯೆವ್ 1846ರ ಮಾರ್ಚ್ 1ರಂದು ಸ್ಮೊಲೆನ್ಸ್ಕ್ ಪ್ರಾಂತದ ಮಿಲ್ಯುಕೊವೊ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಆ ಹಳ್ಳಿಯ ಇಗರ್ಜಿಯ ಪಾದ್ರಿ. ಪಾದ್ರಿಯ ಮಗ ಪಾದ್ರಿಯೇ ಆಗಬೇಕೆಂಬುದು ಅಂದಿನ ರೂಢಿ. ಅದರಂತೆ ಬಾಲಕನು ಧಾರ್ಮಿಕ ಶಾಲೆಯಲ್ಲಿ ಓದಿ, ಸ್ಮೊಲೆನ್ಸ್ಕಿನ ಗುರುಮಠದಲ್ಲಿ ಕಲಿತು, ಉನ್ನತ ವ್ಯಾಸಂಗಕ್ಕಾಗಿ 1867ರಲ್ಲಿ ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗಿನ ಧರ್ಮವಿದ್ಯಾಪೀಠವನ್ನು ಸೇರಿದನು. ಆದರೆ ಅಲ್ಲಿ ಅವನು ಉಳಿದದ್ದು ಕೆಲವೇ ವಾರ. ಮನಸ್ಸು ನಿಸರ್ಗದ ಕಡೆಗೆ ಎಳೆಯುತ್ತಿತ್ತು. ವಿದ್ಯಾಪೀಠವನ್ನು ಬಿಟ್ಟು ಅದೇ ನಗರದ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನ ವಿದ್ಯಾರ್ಥಿಯಾದನು. ಹಳ್ಳಿಯಿಂದ ಬಂದ ಹುಡುಗನೊಬ್ಬ ಖಚಿತವಾದ ಜೀವನೋಪಾಯವನ್ನು ಕೈಬಿಟ್ಟು ಹೀಗೆ ಹೊರಟದ್ದು ಸಣ್ಣ ಧೈರ್ಯವೇನಲ್ಲ. ಮೂಲಧಾತುಗಳ ಕೋಷ್ಟಕವನ್ನು ರಚಿಸಿದ ಮೆಂಡಲೀವ್ ಆಗ ಅಲ್ಲಿ ಪ್ರಾಧ್ಯಾಪಕನಾಗಿದ್ದನು.

1871ರಲ್ಲಿ ಪದವಿ ಪಡೆದಾಗ ದೊಕುಚಾಯೆವ್ ಆರಿಸಿಕೊಂಡ ಮೊದಲ ಸಂಶೋಧನೆಯ ವಿಷಯ ದೂರದ್ದಲ್ಲ. ಹುಟ್ಟೂರಿನ ಸೀಮೆಯಲ್ಲಿ ಹರಿಯುವ ಕಚ್ನಾ ಎಂಬ ಹೊಳೆಯ ದಂಡೆಯಲ್ಲಿ ಕೂಡಿದ ಮೆಕ್ಕಲು. ಮುಂದಿನ ವರ್ಷ ವಿಶ್ವವಿದ್ಯಾನಿಲಯದ ಶಿಲಾಸಂಗ್ರಹದ ಪಾಲಕನಾದನು. ನದಿಗಳು ಕಣಿವೆಗಳನ್ನು ಹೇಗೆ ಕೊರೆಯುತ್ತವೆ, ಕೊರಕಲುಗಳು ಹೇಗೆ ವರ್ಷವರ್ಷವೂ ಮೇಲಕ್ಕೆ ಹರಿದು ಹೊಲಗಳನ್ನು ನುಂಗುತ್ತವೆ ಎಂಬುದನ್ನು ಹಲವು ವರ್ಷ ಅಲೆದು ನೋಡಿದನು. ಕೊರಕಲಿನ ಗೋಡೆಯಲ್ಲಿ ನೆಲದ ಒಡಲು ತೆರೆದು ಕಾಣುತ್ತದೆ. ಮೇಲಿನ ಹುಲ್ಲಿನಿಂದ ಕೆಳಗಿನ ಕಲ್ಲಿನವರೆಗೆ ಬಣ್ಣ ಬದಲಾಗುತ್ತ ಹೋಗುವ ಪದರಗಳು ಅವನ ಕಣ್ಣಿಗೆ ಬಿದ್ದದ್ದು ಈ ಅಲೆದಾಟದಲ್ಲಿಯೇ ಇರಬೇಕು.

ರಷ್ಯಾದ ದಕ್ಷಿಣಭಾಗದಲ್ಲಿ ಮರಗಳಿಲ್ಲದ ವಿಶಾಲವಾದ ಹುಲ್ಲುಗಾವಲು ಪ್ರದೇಶವಿದೆ. ಅದಕ್ಕೆ ಸ್ಟೆಪ್ ಎಂದು ಹೆಸರು. ಅಲ್ಲಿಯ ಮಣ್ಣು ಕಾಡಿಗೆಯಂತೆ ಕಪ್ಪು. ಒಂದು ಮೀಟರಿನಷ್ಟು ಆಳದವರೆಗೂ ಕೆಲವೆಡೆ ಕಪ್ಪಾಗಿಯೇ ಇರುತ್ತದೆ. ರಷ್ಯನ್ನರು ಅದನ್ನು ಚೆರ್ನೊಜೆಮ್, ಎಂದರೆ ಕರಿನೆಲ, ಎನ್ನುತ್ತಾರೆ. ಇಡೀ ದೇಶಕ್ಕೆ ಗೋಧಿಯನ್ನು ಉಣಿಸುತ್ತಿದ್ದುದು ಈ ನೆಲ. ಗೊಬ್ಬರವಿಲ್ಲದೆಯೇ ಬೆಳೆ ಕೊಡುವ ಅಕ್ಷಯಪಾತ್ರೆಯೆಂದು ಜನ ಅದನ್ನು ನಂಬಿದ್ದರು. ಆದರೆ 1873 ಮತ್ತು 1875ರಲ್ಲಿ ಮಳೆ ಕೈಕೊಟ್ಟಾಗ ಈ ಅಕ್ಷಯಪಾತ್ರೆಯೂ ಬರಿದಾಯಿತು. ರಾಜಧಾನಿಯ ಮುಕ್ತ ಆರ್ಥಿಕ ಸಂಘವು ಎಚ್ಚೆತ್ತು ಕರಿನೆಲದ ಸಮಗ್ರ ಪರಿಶೀಲನೆಯ ಹೊಣೆಯನ್ನು ತರುಣ ದೊಕುಚಾಯೆವನಿಗೆ ವಹಿಸಿತು.

1877 ಮತ್ತು 1878ರ ಬೇಸಗೆಗಳಲ್ಲಿ ಅವನು ಕುದುರೆಗಾಡಿಯಲ್ಲಿಯೂ ಕಾಲ್ನಡಿಗೆಯಲ್ಲಿಯೂ ಸುಮಾರು ಹತ್ತು ಸಾವಿರ ಕಿಲೋಮೀಟರು ಸುತ್ತಿದನು. ಅವನ ಆಯುಧ ಗುದ್ದಲಿ. ಹೋದಹೋದಲ್ಲಿ ಗುಂಡಿ ತೋಡುವುದು, ಗುಂಡಿಯ ಗೋಡೆಯನ್ನು ನೇರವಾಗಿ ಕೆತ್ತಿ ಪದರಗಳನ್ನು ಅಳೆಯುವುದು, ಬಣ್ಣ, ಹರಳು, ಬೇರುಗಳ ಆಳವನ್ನು ಬರೆದುಕೊಳ್ಳುವುದು, ಪ್ರತಿ ಪದರದಿಂದ ಮಾದರಿಯನ್ನು ಚೀಲಕ್ಕೆ ಕಟ್ಟುವುದು - ಇದು ದಿನಚರಿ. ಮೇಲಿನ ಕಪ್ಪು ಪದರಕ್ಕೆ ಅವನು ‘ಎ’ ಎಂದು ಗುರುತಿಟ್ಟನು. ಇಲ್ಲಿ ಬೇರುಗಳೂ ಕೊಳೆತ ಸಸ್ಯಾಂಶವೂ ಹೇರಳ. ಅದರ ಕೆಳಗೆ ಕಪ್ಪು ತಿಳಿಯಾಗುತ್ತ ಹೋಗುವ ನಡುಪದರ ‘ಬಿ’. ಎಲ್ಲಕ್ಕೂ ಅಡಿಯಲ್ಲಿ, ಇನ್ನೂ ಮಣ್ಣಾಗಿ ಮಾರ್ಪಡದ ಮೂಲದ್ರವ್ಯ ‘ಸಿ’. ಸ್ಟೆಪ್ಪಿನಲ್ಲಿ ಇದು ಬಹುಮಟ್ಟಿಗೆ ಪ್ರಾಚೀನ ಕಾಲದಲ್ಲಿ ಗಾಳಿ ಹೊತ್ತುತಂದು ಹರಡಿದ ಹಳದಿಯ ನವುರಾದ ಧೂಳು. ಮೂರು ಪದರಗಳೂ ಒಂದರೊಳಗೊಂದು ಬೆಸೆದುಕೊಂಡಿದ್ದುವು. ಮೇಲಿನದು ಎಲ್ಲಿಂದಲೋ ಬಂದು ಕೂತದ್ದಲ್ಲ, ಕೆಳಗಿನದರಿಂದಲೇ ಬೆಳೆದದ್ದು ಎಂಬುದು ಸ್ಪಷ್ಟವಾಯಿತು. ಹೊಸದಾಗಿ ತೋಡಿದ ಬಾವಿಯಲ್ಲಾಗಲಿ, ರಸ್ತೆಗಾಗಿ ಕಡಿದ ದಿಬ್ಬದಲ್ಲಾಗಲಿ ಇಂಥ ಪದರಗಳನ್ನು ಯಾರೂ ನೋಡಬಹುದು. ಇಂದು ಜಗತ್ತಿನಾದ್ಯಂತ ಮಣ್ಣಿನ ವಿಜ್ಞಾನಿಗಳು ಅವನ್ನು ಗುರುತಿಸುವುದು ಇದೇ ಅಕ್ಷರಗಳಿಂದ.

ಕರಿನೆಲ ಹುಟ್ಟಿದ್ದು ಹೇಗೆ ಎಂಬ ಬಗ್ಗೆ ಆಗ ಹಲವು ವಾದಗಳಿದ್ದುವು. ಅದು ಹಿಂದೊಮ್ಮೆ ಅಲ್ಲಿದ್ದ ಸಮುದ್ರ ಬಿಟ್ಟುಹೋದ ಕೆಸರು ಎಂದರು ಕೆಲವರು. ಒಣಗಿದ ಜೌಗುಪ್ರದೇಶ ಎಂದರು ಇನ್ನು ಕೆಲವರು. ಹುಲ್ಲು ಕೊಳೆತು ಆದದ್ದೆಂದು ಸಸ್ಯವಿಜ್ಞಾನಿ ರೂಪ್ರೆಖ್ಟ್ 1866ರಲ್ಲಿ ವಾದಿಸಿದ್ದನು. ದೊಕುಚಾಯೆವ್ ಈ ಕೊನೆಯ ಮತವನ್ನು ಒಪ್ಪಿದನು, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಹುಲ್ಲು ಎಲ್ಲೆಡೆಯೂ ಬೆಳೆಯುತ್ತದೆ; ಕರಿಮಣ್ಣು ಎಲ್ಲೆಡೆಯೂ ಇಲ್ಲವಲ್ಲ! ಅವನು ಕೊಟ್ಟ ಉತ್ತರ ಹೀಗಿದೆ: ಸ್ಟೆಪ್ಪಿನ ಹುಲ್ಲು ತನ್ನ ಬೇರುಗಳನ್ನು ಆಳಕ್ಕೆ ಇಳಿಬಿಡುತ್ತದೆ. ಪ್ರತಿವರ್ಷ ಅವು ಸತ್ತು ನೆಲದೊಳಗೇ ಕೊಳೆಯುತ್ತವೆ. ಅಲ್ಲಿಯ ಚಳಿಗಾಲ ಕಠಿನ, ಬೇಸಗೆ ಒಣ. ಆದ್ದರಿಂದ ಕೊಳೆಯುವ ಕ್ರಿಯೆ ಪೂರ್ತಿಯಾಗದೆ ಹ್ಯೂಮಸ್ ಎಂಬ ಕಪ್ಪು ಜೀವಾಂಶವಾಗಿ ಉಳಿಯುತ್ತದೆ. ಮಳೆ ಮಿತವಾಗಿರುವುದರಿಂದ ಸುಣ್ಣದಂಶ ತೊಳೆದುಹೋಗುವುದಿಲ್ಲ. ಸುಣ್ಣವೂ ಹ್ಯೂಮಸ್ಸೂ ಸೇರಿ ಮಣ್ಣಿನ ಕಣಗಳನ್ನು ಸಣ್ಣಸಣ್ಣ ಹರಳುಗಳಾಗಿ ಕಟ್ಟುತ್ತವೆ. ಹರಳುಗಳ ನಡುವಿನ ಸಂದುಗಳಲ್ಲಿ ಗಾಳಿ ಆಡುತ್ತದೆ. ಹರಳುಗಳೊಳಗೆ ನೀರು ನಿಲ್ಲುತ್ತದೆ. ಬಿಲ ತೋಡುವ ಪ್ರಾಣಿಗಳೂ ಹುಳುಗಳೂ ಕಪ್ಪನ್ನು ಕೆಳಕ್ಕೂ ಹಳದಿಯನ್ನು ಮೇಲಕ್ಕೂ ಸಾಗಿಸಿ ಬೆರೆಸುತ್ತವೆ. ಹೀಗೆ ಸಹಸ್ರಾರು ವರ್ಷ ನಡೆದಾಗ ಕರಿನೆಲ ಸಿದ್ಧವಾಗುತ್ತದೆ.

ಇಷ್ಟೆಲ್ಲ ಅವಲೋಕನದಿಂದ ಅವನು ಒಂದು ನಿಯಮವನ್ನು ಕಡೆದು ತೆಗೆದನು. ಮೂಲಶಿಲೆ, ವಾಯುಗುಣ, ಸಸ್ಯಪ್ರಾಣಿಗಳು, ನೆಲದ ಏರುತಗ್ಗು ಮತ್ತು ಕಾಲ - ಈ ಐದೂ ಕೂಡಿ ಮಾಡಿದ ಫಲವೇ ಮಣ್ಣು. ಐದರಲ್ಲಿ ಒಂದು ಬದಲಾದರೂ ಮಣ್ಣು ಬದಲಾಗುತ್ತದೆ. ಈ ನಿಯಮಕ್ಕೆ ಕರ್ನಾಟಕದ ನೆಲದಲ್ಲಿಯೇ ನಿದರ್ಶನವಿದೆ. ವಿಜಯಪುರದ ಸೀಮೆಯಲ್ಲಿ ಅಡಿಯಲ್ಲಿರುವುದು ಕಪ್ಪುಶಿಲೆ. ಜ್ವಾಲಾಮುಖಿಯ ಲಾವಾ ಆರಿ ಗಟ್ಟಿಯಾದದ್ದು. ಅಲ್ಲಿ ಮಳೆ ಕಡಿಮೆ, ಮೇಲಿರುವುದು ಎರೆಮಣ್ಣು. ಅದೇ ಲಾವಾಶಿಲೆ ಬೆಳಗಾವಿಯ ಪಶ್ಚಿಮಕ್ಕೆ, ಘಟ್ಟದ ಅಂಚಿನಲ್ಲಿಯೂ ಇದೆ. ಅಲ್ಲಿ ಸುರಿಯುವ ಧಾರಾಕಾರ ಮಳೆಯು ಕರಗುವ ಅಂಶಗಳನ್ನೆಲ್ಲ ತೊಳೆದು ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ಗಳ ಅಂಶವನ್ನು ಮಾತ್ರ ಉಳಿಸಿ, ನೆಲವನ್ನು ಕೆಂಪಾದ ಜಂಬಿಟ್ಟಿಗೆಯಾಗಿಸಿದೆ. ಶಿಲೆ ಒಂದೇ, ಮಳೆ ಬೇರೆ, ಮಣ್ಣೂ ಬೇರೆ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮ ಎರೆಮಣ್ಣಿನ ಕಪ್ಪನ್ನು ಕಂಡು ಕೆಲವರು ಹಿಂದೆ ಅದನ್ನು ರಷ್ಯಾದ ಕರಿನೆಲಕ್ಕೆ ಹೋಲಿಸಿದ್ದರು. ಎರೆಮಣ್ಣಿನಲ್ಲಿ ಜೀವಾಂಶವು ಸಾಮಾನ್ಯವಾಗಿ ನೂರಕ್ಕೆ ಒಂದು ಭಾಗದಷ್ಟೂ ಇರುವುದಿಲ್ಲ. ರಷ್ಯಾದ ಕರಿನೆಲದಲ್ಲಿ ದೊಕುಚಾಯೆವನ ಕಾಲಕ್ಕೆ ನೂರಕ್ಕೆ ನಾಲ್ಕರಿಂದ ಹದಿನಾರರವರೆಗೂ ಇತ್ತು. ಎರೆಯ ಗುಣವಿರುವುದು ಅದರ ಜಿಗುಟಾದ ಜೇಡಿಯಲ್ಲಿ. ನೆಂದಾಗ ಉಬ್ಬಿ, ಒಣಗಿದಾಗ ಬಿರುಕುಬಿಡುವ ಜೇಡಿ ಅದು. ಬಣ್ಣವೊಂದನ್ನೇ ನೆಚ್ಚಿ ಮಣ್ಣನ್ನು ಗುರುತಿಸಲಾಗದು.

1883ರಲ್ಲಿ ದೊಕುಚಾಯೆವನ ‘ರಷ್ಯಾದ ಕರಿನೆಲ’ ಎಂಬ ಗ್ರಂಥ ಪ್ರಕಟವಾಯಿತು. ಹ್ಯೂಮಸ್ಸಿನ ಪ್ರಮಾಣ ಸಮನಾಗಿರುವ ಊರುಗಳನ್ನೆಲ್ಲ ಗೆರೆಯಿಂದ ಜೋಡಿಸಿದ ನಕಾಶೆಯೊಂದು ಅದರಲ್ಲಿತ್ತು. ಗೆರೆಗಳು ವಾಯುಗುಣದ ಪಟ್ಟಿಗಳಿಗೆ ಸರಿಹೊಂದಿ ನೈಋತ್ಯದಿಂದ ಈಶಾನ್ಯಕ್ಕೆ ಹಾಯ್ದುಹೋಗಿದ್ದುವು. ಆ ವರ್ಷದ ಡಿಸೆಂಬರಿನಲ್ಲಿ ಅದೇ ಗ್ರಂಥವನ್ನು ಡಾಕ್ಟರೇಟ್ ಪದವಿಗಾಗಿ ವಿದ್ವತ್‌ಸಭೆಯ ಮುಂದಿಟ್ಟಾಗ ಪರೀಕ್ಷಕರಲ್ಲಿ ಒಬ್ಬನು ಮೆಂಡಲೀವ್. ಎಲ್ಲರೂ ತಲೆದೂಗಿದರೆಂದಲ್ಲ. ಪಾವೆಲ್ ಕೊಸ್ತಿಚೆವ್ ಎಂಬ ಕೃಷಿವಿಜ್ಞಾನಿ ಗ್ರಂಥವನ್ನು ಕಟುವಾಗಿ ವಿಮರ್ಶಿಸಿದನು. ಬೇರು ಕೊಳೆಯುವುದನ್ನೂ ಮಣ್ಣಿನ ಹರಳುಗಳನ್ನೂ ತಾನೇ ಪ್ರಯೋಗ ಮಾಡಿ ನೋಡಿದವನು ಅವನು. ಈ ಜಗಳದಿಂದ ಮಣ್ಣಿನ ವಿಜ್ಞಾನಕ್ಕೆ ಲಾಭವೇ ಆಯಿತೆನ್ನಬೇಕು.

ಪುಸ್ತಕದ ಜ್ಞಾನ ಹೊಲಕ್ಕೆ ಇಳಿಯುವ ಸಂದರ್ಭವೂ ಒದಗಿಬಂತು. ನಿಜ್ನಿ ನೊವ್‌ಗೊರೊದ್ ಪ್ರಾಂತದ ಸ್ಥಳೀಯ ಆಡಳಿತಕ್ಕೆ ಭೂಕಂದಾಯದ ಸಮಸ್ಯೆ ಎದುರಾಗಿತ್ತು. ಒಳ್ಳೆಯ ನೆಲಕ್ಕೂ ಬರಡು ನೆಲಕ್ಕೂ ನ್ಯಾಯವಾದ ದರ ಯಾವುದು? 1882ರಿಂದ 1886ರವರೆಗೆ ದೊಕುಚಾಯೆವ್ ತನ್ನ ತರುಣ ಶಿಷ್ಯರ ತಂಡದೊಡನೆ ಆ ಪ್ರಾಂತವನ್ನು ಸುತ್ತಿ, ಮಣ್ಣನ್ನು ಅದರ ಗುಣದಿಂದಲೇ ತೂಗಿ, ನಕಾಶೆ ಬರೆದು ಹದಿನಾಲ್ಕು ಸಂಪುಟಗಳ ವರದಿಯನ್ನು ಕೊಟ್ಟನು. 1888ರಿಂದ ಪೊಲ್ತಾವಾ ಪ್ರಾಂತದಲ್ಲಿಯೂ ಇದೇ ಕಾರ್ಯ ನಡೆಯಿತು. ಸಿಬಿರ್ತ್ಸೆವ್, ವೆರ್ನಾದ್‌ಸ್ಕಿ ಮೊದಲಾದವರು ಪಳಗಿದ್ದು ಈ ಗುಂಡಿಗಳಲ್ಲಿ. 1889ರಲ್ಲಿ ಪ್ಯಾರಿಸ್ಸಿನ ಜಾಗತಿಕ ಪ್ರದರ್ಶನಕ್ಕೆ ಕಳುಹಿಸಿದ ಮಣ್ಣಿನ ಸಂಗ್ರಹಕ್ಕೆ ಚಿನ್ನದ ಪದಕ ಬಂದಿತು. ಮಣ್ಣಿಗೆ ಚಿನ್ನ! ಹೊಸ ವಿಜ್ಞಾನದ ಹೆಸರು ರಷ್ಯಾದ ಗಡಿಯನ್ನು ದಾಟಿದ್ದು ಹೀಗೆ.

ಅಷ್ಟರಲ್ಲಿ 1891 ಬಂತು. ಚಳಿಗಾಲದಲ್ಲಿ ಹಿಮ ಸರಿಯಾಗಿ ಬೀಳಲಿಲ್ಲ, ವಸಂತದಲ್ಲಿ ಬಿಸಿಗಾಳಿ ಬೀಸಿತು, ಬೇಸಗೆಯಲ್ಲಿ ಮಳೆಯಿಲ್ಲ. ವೋಲ್ಗಾ ನದಿಯ ಪ್ರದೇಶ ಮತ್ತು ನಡುರಷ್ಯಾದ ಕರಿನೆಲದ ಪ್ರಾಂತಗಳಲ್ಲಿ ಬೆಳೆ ನಿಂತಲ್ಲಿಯೇ ಸುಟ್ಟುಹೋಯಿತು. ಹಸಿವೆಯ ಹಿಂದೆಯೇ ಕಾಲರಾ ಬಂತು. ಲಕ್ಷಗಟ್ಟಲೆ ಜನ ಸತ್ತರು. ಲೋಕದಲ್ಲಿಯೇ ಅತ್ಯಂತ ಫಲವತ್ತಾದ ಮಣ್ಣಿನ ಮೇಲೆ ನಿಂತು ಜನ ಅನ್ನವಿಲ್ಲದೆ ಸಾಯುತ್ತಿದ್ದರು.

ಈ ಸೋಜಿಗದ ದುರಂತಕ್ಕೆ ಕಾರಣವೇನೆಂದು ದೊಕುಚಾಯೆವ್ ಪತ್ರಿಕೆಯಲ್ಲಿ ಲೇಖನಮಾಲೆಯನ್ನು ಬರೆದನು. 1892ರಲ್ಲಿ ಅದು ‘ನಮ್ಮ ಸ್ಟೆಪ್ಪುಗಳು: ಹಿಂದೆ ಮತ್ತು ಈಗ’ ಎಂಬ ಪುಸ್ತಕವಾಯಿತು, ಮಾರಾಟದ ಹಣ ಕ್ಷಾಮಪೀಡಿತರಿಗೆಂದು ಮೀಸಲಾಯಿತು. ಕಾರಣವನ್ನು ಅವನು ಆಕಾಶದಲ್ಲಿ ಮಾತ್ರ ಹುಡುಕಲಿಲ್ಲ. ಹಿಂದೆ ಸ್ಟೆಪ್ಪನ್ನು ಎತ್ತರದ ಹುಲ್ಲು ಹೊದ್ದಿತ್ತು. ಅದು ಚಳಿಗಾಲದ ಹಿಮವನ್ನು ಹಿಡಿದು ನಿಲ್ಲಿಸುತ್ತಿತ್ತು. ವಸಂತದಲ್ಲಿ ಹಿಮ ನಿಧಾನವಾಗಿ ಕರಗಿ, ಹರಳುಹರಳಾದ ಮಣ್ಣಿನೊಳಗೆ ಇಳಿದು, ಬೇಸಗೆಗೆ ಬೇಕಾದ ಹಸಿಯನ್ನು ಕೂಡಿಡುತ್ತಿತ್ತು. ಲಾಭದಾಸೆಯಿಂದ ಹುಲ್ಲುಗಾವಲನ್ನೆಲ್ಲ ಉತ್ತು, ಕಣಿವೆಗಳ ಕಾಡನ್ನು ಕಡಿದು, ಬಿಡುವಿಲ್ಲದೆ ಬೆಳೆ ತೆಗೆದದ್ದರಿಂದ ಹರಳುಗಳು ಒಡೆದು ಹಿಟ್ಟಾದುವು. ಹಿಟ್ಟಾದ ಮಣ್ಣಿನ ಮೇಲೆ ಮಳೆ ಬಿದ್ದರೆ ಗಟ್ಟಿಯಾದ ಹಪ್ಪಳೆಯಾಗುತ್ತದೆ. ನೀರು ಒಳಗಿಳಿಯದೆ ಮೇಲೆಯೇ ಹರಿದುಹೋಗುತ್ತದೆ. ಹರಿಯುವ ನೀರು ಮಣ್ಣನ್ನು ಕೊಚ್ಚಿ ಕೊರಕಲಾಗಿಸುತ್ತದೆ. ಕೊರಕಲು ಆಳವಾದಷ್ಟೂ ಸುತ್ತಲಿನ ಅಂತರ್ಜಲ ಅದರೊಳಕ್ಕೆ ಬಸಿದು ಬಾವಿಗಳು ಬತ್ತುತ್ತವೆ. ತಡೆಯುವ ಹುಲ್ಲಿಲ್ಲದೆ ಹಿಮವನ್ನು ಗಾಳಿಯೇ ಹೊತ್ತೊಯ್ಯುತ್ತದೆ. ಮಳೆ ಕಡಿಮೆಯಾದದ್ದು ನಿಜವಾದರೂ, ಬಿದ್ದ ಮಳೆಯನ್ನು ಹಿಡಿಯುವ ಶಕ್ತಿಯನ್ನು ನೆಲವು ಅದಕ್ಕೂ ಮೊದಲೇ ಕಳೆದುಕೊಂಡಿತ್ತು. ಮಣ್ಣಿನಲ್ಲಿ ಗಿಡದ ಆಹಾರ ಎಷ್ಟೇ ಇರಲಿ, ಅದು ನೀರಿನಲ್ಲಿ ಕರಗಿದ ಹೊರತು ಬೇರು ಅದನ್ನು ಹೀರಲಾರದು.

ಪರಿಹಾರವನ್ನೂ ಅವನು ಸೂಚಿಸಿದನು. ಹೊಲಗಳ ಅಂಚಿನಲ್ಲಿ ಗಾಳಿಯನ್ನು ತಡೆಯುವ ಮರಗಳ ಸಾಲು, ಕೊರಕಲುಗಳ ಬಾಯಿಗೆ ಒಡ್ಡು, ತಗ್ಗುಗಳಲ್ಲಿ ಕೆರೆ, ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಕಾಡು, ಹುಲ್ಲುಗಾವಲು, ಉತ್ತ ನೆಲ ಮತ್ತು ನೀರುಗಳ ನಡುವೆ ಸ್ಥಳಕ್ಕೆ ತಕ್ಕ ಪ್ರಮಾಣ. ಬಯಲುಸೀಮೆಯಲ್ಲಿ ಕೆರೆ ಕಟ್ಟಿ, ಬದು ಹಾಕಿ ಬಾಳಿದ ಜನರಿಗೆ ಇದರಲ್ಲಿ ಕೆಲವು ಉಪಾಯಗಳು ಹೊಸವೆನ್ನಿಸಲಾರವು. ಆದರೆ ಮಣ್ಣಿನ ಹುಟ್ಟನ್ನೇ ಆಧಾರವಾಗಿಟ್ಟುಕೊಂಡು ಒಂದು ಸೀಮೆಗೆ ಇಡಿಯಾಗಿ ಇಂಥ ಯೋಜನೆಯನ್ನು ಹಾಕಿದ್ದು ದೊಕುಚಾಯೆವನ ವಿಶೇಷ. 1892ರಲ್ಲಿ ಸರಕಾರದ ಅರಣ್ಯ ಇಲಾಖೆಯು ಅವನ ನೇತೃತ್ವದಲ್ಲಿ ವಿಶೇಷ ತಂಡವೊಂದನ್ನು ನೇಮಿಸಿತು. ಒಣ ಸ್ಟೆಪ್ಪಿನಲ್ಲಿ ಮೂರು ಜಾಗಗಳನ್ನು ಆರಿಸಲಾಯಿತು. ಅವುಗಳಲ್ಲಿ ವೊರೊನೆಜ್ ಪ್ರಾಂತದ ಕಾಮೆನ್ನಯ ಸ್ಟೆಪ್ ಮುಖ್ಯವಾದುದು. ಮರಗಳ ನೆರಳೇ ಇಲ್ಲದ ಆ ಬಯಲಿನಲ್ಲಿ ಓಕ್ ಮೊದಲಾದ ಗಿಡಗಳನ್ನು ಸಾಲಾಗಿ ನೆಟ್ಟರು. ಒಡ್ಡು ಕಟ್ಟಿ ನೀರು ನಿಲ್ಲಿಸಿದರು. ಮಳೆ, ಗಾಳಿ, ಹಿಮ, ಬಾವಿಯ ನೀರಿನ ಮಟ್ಟ ಇವುಗಳನ್ನು ದಿನದಿನವೂ ಅಳೆದು ಬರೆದಿಟ್ಟರು. ಕ್ಷಾಮದ ನೆನಪು ಮಾಸಿದಂತೆ ಸರಕಾರದ ಉತ್ಸಾಹವೂ ಇಳಿಯಿತು. ಮರ ಬೆಳೆಯುವಷ್ಟು ತಾಳ್ಮೆ ಸರಕಾರಗಳಿಗೆ ಇರುವುದು ಅಪರೂಪ.

ಅದೇ ವರ್ಷ ದೊಕುಚಾಯೆವ್ ನೊವೊ-ಅಲೆಕ್ಸಾಂದ್ರಿಯಾದ ಕೃಷಿ ಮತ್ತು ಅರಣ್ಯ ವಿದ್ಯಾಲಯದ ಮುಖ್ಯಸ್ಥನಾದನು. ಪುಲಾವಿ ಎಂಬ ಹೆಸರಿನ ಆ ಊರು ಇಂದು ಪೋಲೆಂಡಿನಲ್ಲಿದೆ. 1894ರಲ್ಲಿ ಅಲ್ಲಿ ಮಣ್ಣಿನ ವಿಜ್ಞಾನಕ್ಕೆಂದೇ ಒಂದು ಪ್ರತ್ಯೇಕ ಪೀಠ ಪ್ರಾರಂಭವಾಯಿತು. ಶಿಷ್ಯ ಸಿಬಿರ್ತ್ಸೆವ್ ಅದರ ಪ್ರಾಧ್ಯಾಪಕ. ಒಂದು ಕಡೆ ಅಧ್ಯಾಪನ, ಒಂದು ಕಡೆ ಸ್ಟೆಪ್ಪಿನ ಕೆಲಸ, ಇನ್ನೊಂದು ಕಡೆ ರಾಜಧಾನಿಯ ಸಮಿತಿಗಳು. ದುಡಿಮೆಗೆ ಮಿತಿಯಿಲ್ಲದೆ ದೇಹ ಕುಸಿಯಿತು. 1895ರಲ್ಲಿ ಅವನು ಹಾಸಿಗೆ ಹಿಡಿದನು. ಅವನಿಗೆ ಆಸರೆಯಾಗಿದ್ದ ಪತ್ನಿ ಅನ್ನಾ 1897ರಲ್ಲಿ ತೀರಿಕೊಂಡಳು. ಆ ಪೆಟ್ಟಿನಿಂದ ಅವನ ಮನಸ್ಸು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ.

ಆದರೂ ಕತ್ತಲಿನ ನಡುವೆ ಒಂದೆರಡು ವರ್ಷ ಬೆಳಕು ಬಂತು. ರಷ್ಯಾವನ್ನು ಉತ್ತರದಿಂದ ದಕ್ಷಿಣಕ್ಕೆ ಹಾಯ್ದರೆ ಮಣ್ಣು ಪಟ್ಟಿಪಟ್ಟಿಯಾಗಿ ಬದಲಾಗುವುದನ್ನು ಅವನು ಮೊದಲೇ ಕಂಡಿದ್ದನು. ಉತ್ತರದ ತುದಿಯಲ್ಲಿ ಹೆಪ್ಪುಗಟ್ಟಿದ ನೆಲ. ಅದರ ಕೆಳಗೆ ಸೂಚಿಪರ್ಣಿ ಮರಗಳ ಕಾಡು. ಅಲ್ಲಿ ತೇವ ಹೆಚ್ಚಾಗಿ ಕಬ್ಬಿಣವೂ ಇತರ ಅಂಶಗಳೂ ಕೆಳಗೆ ತೊಳೆದುಹೋಗಿ, ಮೇಲುಪದರದ ಅಡಿಯಲ್ಲಿ ಬೂದಿಯಂತೆ ಬಿಳಿಚಿದ ಪದರ ಕಾಣುತ್ತದೆ. ಇದನ್ನು ರಷ್ಯನ್ ರೈತರ ಮಾತಿನಲ್ಲಿ ಪೊದ್‌ಜೊಲ್ ಎನ್ನುತ್ತಾರೆ. ಇನ್ನೂ ದಕ್ಷಿಣಕ್ಕೆ ಬೂದುಬಣ್ಣದ ಕಾಡುಮಣ್ಣು, ಅನಂತರ ಕರಿನೆಲ, ಅದರಾಚೆ ಒಣಸೀಮೆಯ ಕಂದುಮಣ್ಣು, ಕೊನೆಗೆ ಮರುಭೂಮಿಯ ಬಿಳಿಚಿದ ಮಣ್ಣು. ಹಾಗಾದರೆ ಬೆಟ್ಟವನ್ನು ಹತ್ತುವಾಗಲೂ ಇದೇ ಕ್ರಮ ಕಾಣಬೇಕಲ್ಲವೆ? ಎತ್ತರ ಏರಿದಂತೆ ಚಳಿ ಹೆಚ್ಚುತ್ತದೆ. ಬೆಟ್ಟ ಹತ್ತುವುದೆಂದರೆ ಉತ್ತರಕ್ಕೆ ನಡೆದಂತೆಯೇ. ದೊಕುಚಾಯೆವ್ ಮೊದಲು ಹೀಗೆ ತರ್ಕಿಸಿ, ಅನಂತರ ಕಾಕಸಸ್ ಪರ್ವತಗಳಿಗೆ ಹೋಗಿ ನೋಡಿದನು. ತಪ್ಪಲಿನಿಂದ ಶಿಖರದವರೆಗೆ ಮಣ್ಣಿನ ವಲಯಗಳು ಅವನು ಊಹಿಸಿದಂತೆಯೇ ಒಂದರ ಮೇಲೊಂದು ಇದ್ದುವು. ನೋಡುವುದಕ್ಕೆ ಮುಂಚೆಯೇ ಮಣ್ಣನ್ನು ಹೇಳಬಲ್ಲ ಶಾಸ್ತ್ರ ಅವನ ಕೈಯಲ್ಲಿ ರೂಪುಗೊಂಡಿತ್ತು.

1900ರ ಅನಂತರ ರೋಗ ಮತ್ತೆ ಮರುಕಳಿಸಿತು. ಕಡೆಯ ವರ್ಷಗಳನ್ನು ಅವನು ಬಹುತೇಕ ಏಕಾಂತದಲ್ಲಿ ಕಳೆದನು. 1903ರ ನವೆಂಬರ್ 8ರಂದು, ಐವತ್ತೇಳನೆಯ ವಯಸ್ಸಿನಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತೀರಿಕೊಂಡನು. ಪತ್ನಿಯ ಸಮಾಧಿಯ ಪಕ್ಕದಲ್ಲಿಯೇ ಅವನನ್ನು ಹೂಳಲಾಯಿತು.

ಅವನು ಕೂಡಿಹಾಕಿದ ಮಣ್ಣಿನ ಮಾದರಿಗಳಿಂದ ಮರುವರ್ಷವೇ ಅದೇ ನಗರದಲ್ಲಿ ಮಣ್ಣಿನ ವಸ್ತುಸಂಗ್ರಹಾಲಯವೊಂದು ತೆರೆಯಿತು. ಶಿಷ್ಯ ಗ್ಲಿಂಕಾ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಗುರುವಿನ ವಿಚಾರಗಳು ಪಶ್ಚಿಮ ದೇಶಗಳಿಗೆ ತಲಪಿದುವು. 1927ರಲ್ಲಿ ಅಮೆರಿಕದ ಮಾರ್ಬಟ್ ಅದನ್ನು ಇಂಗ್ಲಿಷಿಗೆ ತಂದನು. ಚೆರ್ನೊಜೆಮ್, ಪೊದ್‌ಜೊಲ್ ಎಂಬ ರೈತರ ಮಾತುಗಳು ಹಾಗೆಯೇ ವಿಜ್ಞಾನದ ಮಾತುಗಳಾದುವು. ಇನ್ನೊಬ್ಬ ಶಿಷ್ಯ ವೆರ್ನಾದ್‌ಸ್ಕಿಯು ಗುರುವಿನಿಂದ ಕಲಿತ ಸಮಗ್ರದೃಷ್ಟಿಯನ್ನು ಇಡೀ ಭೂಮಂಡಲಕ್ಕೆ ವಿಸ್ತರಿಸಿ ಜೀವಗೋಳದ ಸಿದ್ಧಾಂತವನ್ನು ನಿರೂಪಿಸಿದನು. ಕಾಮೆನ್ನಯ ಸ್ಟೆಪ್ಪಿನಲ್ಲಿ ದೊಕುಚಾಯೆವನ ಹೆಸರಿನ ಕೃಷಿ ಸಂಶೋಧನ ಸಂಸ್ಥೆಯಿದೆ. ಅವನ ತಂಡದವರು 1890ರ ದಶಕದಲ್ಲಿ ನೆಟ್ಟ ಸಾಲುಮರಗಳು ಅಲ್ಲಿ ಈಗಲೂ ನಿಂತಿವೆ. ಚಳಿಗಾಲದಲ್ಲಿ ಅವುಗಳ ನಡುವಿನ ಹೊಲಗಳಲ್ಲಿ ಹಿಮವು ಗಾಳಿಗೆ ಹಾರಿಹೋಗದೆ ಬಿದ್ದಲ್ಲಿಯೇ ಉಳಿಯುತ್ತದೆ.